ಲಂಗರಿಗೂ ಸೂತ್ರ ಕಟ್ಟಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೇರಿಲ್ಯಾಂಡಿನಲ್ಲಿದ್ದೇವೆ. ಕಳೆದ ವರ್ಷ 34 ಅಡಿಯ ಹಳೆಯ ಟ್ರಾಲರ್ ಮಾದರಿಯ ಮೋಟಾರ್ ಬೋಟ್ ತೆಗೆದುಕೊಂಡೆ. ಒಂದೇ ಎಂಜಿನ್, ಕ್ಯಾಬಿನ್ ಮೇಲೆ ನಿಂತು ಬೋಟು ನಡೆಸುವ ಫ್ಲೈಬ್ರಿಜ್, ಮುಂದೆ ಲಂಗರು ಎತ್ತುವ ವಿಂಡ್ಲಾಸ್ ಯಂತ್ರ, ಲಂಗರಿಗೆ ಪೂರ್ತಿ ಸರಪಳಿ. ಹೋದ ವಾರ ಅನಾಪೊಲಿಸ್‌ಗೆ ದಕ್ಷಿಣದಲ್ಲಿರುವ ರೋಡ್ ರಿವರ್‌ನಲ್ಲಿ ಮೊದಲ ಸಲ ರಾತ್ರಿ ತಂಗಿದೆವು. ಗಾಳಿ ಅಂಥಾ ಜಾಸ್ತಿ ಇರಲಿಲ್ಲ. ಆದರೂ ಬೋಟು ರಾತ್ರಿಯಿಡೀ ಆ ಕಡೆ ಈ ಕಡೆ ಓಲಾಡುತ್ತಲೇ ಇತ್ತು. ಸರಪಳಿಯ ಗರಗರ ಸದ್ದಿಗೆ ಮನೆಯವರಿಗೆ ನಿದ್ದೆಯೇ ಬರಲಿಲ್ಲ. ಪಕ್ಕದ ಕ್ಯಾಟಮರನ್ (ಎರಡು ಒಡಲಿನ ಬೋಟು) ಮಾತ್ರ ಕದಲದೆ ನಿಂತಿತ್ತು. ಬೆಳಗ್ಗೆ ಅವರು, “ನಮ್ಮ ಹಾಗೆ ಬ್ರೈಡಲ್ ಹಾಕಿ” ಅಂದರು. ಮೋಟಾರ್ ಬೋಟಿಗೆ ಅದು ನಿಜಕ್ಕೂ ಉಪಯೋಗವೇ? ಯಾವ ಹಗ್ಗ, ಎಷ್ಟು ಉದ್ದ, ಹೇಗೆ ಕಟ್ಟುವುದು?

ಉತ್ತರ: ಹಾಕಿ. ಆದರೆ ಅವರು ಹಾಕಿದ ಹಾಗೆಯೇ ಹಾಕಿದರೆ ನಿಮ್ಮ ಅರ್ಧ ತೊಂದರೆ ಮಾತ್ರ ತೀರುತ್ತದೆ. ಸರಪಳಿಯ ಸದ್ದು ನಿಲ್ಲುತ್ತದೆ, ವಿಂಡ್ಲಾಸ್ ಬದುಕುತ್ತದೆ. ಓಲಾಟ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ನಾನು ಹಾಸನದ ಕಡೆಯವನು. ಸಮುದ್ರ ನೋಡಿದ್ದೇ ಇಪ್ಪತ್ತು ದಾಟಿದ ಮೇಲೆ. ಆದರೆ ಬ್ರೈಡಲ್ ಅಂದರೇನು ಅಂತ ಹಡಗು ಹತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಹೆಸರು ಬೇರೆ, ಅಷ್ಟೆ. ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆಲ್ಲ ಅದು ಗೊತ್ತು. ದಾರವನ್ನು ಯಾರೂ ನೇರವಾಗಿ ಪಟಕ್ಕೆ ಕಟ್ಟುವುದಿಲ್ಲ. ಮೊದಲು ಸೂತ್ರ ಕಟ್ಟಿ, ಆ ಸೂತ್ರಕ್ಕೆ ದಾರ ಕಟ್ಟುತ್ತೇವೆ. ಸೂತ್ರದ ಅಳತೆ ಸರಿ ಇದ್ದರೆ ಪಟ ನಿಲ್ಲುತ್ತದೆ. ತಪ್ಪಿದರೆ ಒಂದು ಕಡೆ ವಾಲುತ್ತದೆ, ಇಲ್ಲವೇ ಗಿರಕಿ ಹೊಡೆಯುತ್ತದೆ. ಬೋಟಿನ ಬ್ರೈಡಲ್ ಅದೇ. ಸರಪಳಿಯೇ ದಾರ. ಬೋಟಿನ ಮೂತಿಯ ಎಡಬಲದಲ್ಲಿ ಹಗ್ಗ ಸುತ್ತಿ ಕಟ್ಟುವ ಲೋಹದ ಕೊಂಬುಗಳಿರುತ್ತವೆ, ಅವೇ ಕ್ಲೀಟುಗಳು. ಅವುಗಳಿಂದ ಹೊರಟ ಎರಡು ಹಗ್ಗ ಮುಂದೆ ಹೋಗಿ ಸರಪಳಿಯನ್ನು ಹಿಡಿಯುತ್ತವೆ. ಎಳೆತವೆಲ್ಲ ಆ ಹಗ್ಗಗಳ ಮೇಲೆ. ಅಲ್ಲಿಂದ ವಿಂಡ್ಲಾಸ್‌ವರೆಗಿನ ಸರಪಳಿ ಸುಮ್ನೆ ಜೋತುಬಿದ್ದಿರುತ್ತದೆ. ನಾನು ಇದನ್ನು ಸೂತ್ರ ಅಂತಲೇ ಕರೆಯುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲು ಓಲಾಟದ ವಿಷಯ. ನಿಮ್ಮ ಬೋಟಿನ ಮೂತಿ ಎತ್ತರ. ಅದರ ಹಿಂದೆ ಕ್ಯಾಬಿನ್, ಅದರ ಮೇಲೆ ಫ್ಲೈಬ್ರಿಜ್. ಗಾಳಿಗೆ ಸಿಗುವ ಗೋಡೆಯ ಬಹುಪಾಲು ಮುಂದಿನ ಅರ್ಧದಲ್ಲಿದೆ. ನೀರಿನ ಕೆಳಗೆ ಇದು ಉಲ್ಟಾ. ಮೂತಿಯ ಕೆಳಗೆ ನೀರನ್ನು ಹಿಡಿಯುವಂಥದ್ದು ಏನೂ ಇಲ್ಲ. ಕೀಲು, ಪ್ರೊಪೆಲ್ಲರ್, ಚುಕ್ಕಾಣಿ ಎಲ್ಲ ಹಿಂದೆ. ಹಾಗಾಗಿ ಗಾಳಿ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಹಿಂಭಾಗ ನೀರಿಗೆ ಅಂಟಿಕೊಂಡು ನಿಲ್ಲುತ್ತದೆ. ಬೋಟು ಓರೆಯಾಗಿ ಜಾರುತ್ತಾ ಹೋಗುತ್ತದೆ. ಸರಪಳಿ ಬಿಗಿಯಾದ ತಕ್ಷಣ ಮೂತಿಗೆ ಒಂದು ಜಗ್ಗು. ಮೂತಿ ತಿರುಗಿ ಗಾಳಿಯನ್ನು ದಾಟಿ ಇನ್ನೊಂದು ಕಡೆಗೆ ಹೊರಡುತ್ತದೆ. ಗೂಟಕ್ಕೆ ಕಟ್ಟಿದ ಕರು ಕಣ್ಣಿ ಮುಗಿಯುವವರೆಗೆ ಓಡಿ, ತಿರುಗಿ, ಮತ್ತೆ ಆ ಕಡೆ ಓಡುತ್ತದಲ್ವಾ, ಹಾಗೆ. ನಿದ್ದೆಗೆಡುವುದು ಸಣ್ಣ ಮಾತು. ಪ್ರತಿ ಸಲ ಕೊನೆ ಮುಟ್ಟಿದಾಗ ಲಂಗರಿಗೆ ಒಂದು ಜಗ್ಗು ಬೀಳುತ್ತದೆ, ಅದೂ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಗೂಟವನ್ನು ಹೀಗೆ ಅಲ್ಲಾಡಿಸಿ ಅಲ್ಲಾಡಿಸಿಯೇ ಕೀಳುವುದು.

ಈಗ ಆ ಕ್ಯಾಟಮರನ್. ಅದರ ಎರಡು ಮೂತಿಗಳ ನಡುವೆ ಐದಾರು ಮೀಟರ್ ಅಂತರ ಇರುತ್ತದೆ. 9 ಮೀಟರಿನ ಎರಡು ಹಗ್ಗ ಕಟ್ಟಿದರೆ ಅಗಲವಾದ ತ್ರಿಕೋನ ಆಗುತ್ತದೆ. ಬೋಟು ಸ್ವಲ್ಪ ತಿರುಗಿದರೂ ಒಂದು ಹಗ್ಗ ಬಿಗಿಯಾಗಿ, ಉದ್ದದ ಸನ್ನೆಕೋಲಿನ ಹಾಗೆ ಅದನ್ನು ವಾಪಸ್ ತಿರುಗಿಸುತ್ತದೆ. ನಿಮ್ಮ ಬೋಟಿನ ಮೂತಿಯಲ್ಲಿ ಕ್ಲೀಟಿನಿಂದ ಕ್ಲೀಟಿಗೆ ಹೆಚ್ಚೆಂದರೆ 1 ಮೀಟರ್ ಇದ್ದೀತು. 6 ಮೀಟರಿನ ಹಗ್ಗ ಬಿಟ್ಟರೆ ತ್ರಿಕೋನ ಸೂಜಿಯಷ್ಟು ಚೂಪು. ಬೋಟು ಐದು ಡಿಗ್ರಿ ತಿರುಗುವಷ್ಟರಲ್ಲಿ ಒಂದು ಹಗ್ಗ ಪೂರ್ತಿ ಸಡಿಲ. ಆಮೇಲೆ ನೀವು ಕಟ್ಟಿದ್ದು ಸೂತ್ರವೇ ಅಲ್ಲ, ಒಂಟಿ ಹಗ್ಗ. ಸನ್ನೆಕೋಲು ಅರ್ಧ ಮೀಟರಿನದ್ದು. ಇಷ್ಟರಿಂದ ಹತ್ತು ಟನ್ ಹತ್ತಿರದ ಬೋಟು ಹಿಡಿತಕ್ಕೆ ಬರುವುದಿಲ್ಲ.

ಇದರಿಂದ ಇನ್ನೊಂದು ಲೆಕ್ಕವೂ ಹುಟ್ಟುತ್ತದೆ. ಎರಡು ಹಗ್ಗ ಇದೆ, ಭಾರ ಅರ್ಧರ್ಧ ಅಂದುಕೊಳ್ಳಬೇಡಿ. ಓಲಾಟದ ಕೊನೆಯಲ್ಲಿ, ಅಂದರೆ ಭಾರ ಅತಿ ಹೆಚ್ಚಿರುವಾಗಲೇ, ಪೂರ್ತಿ ಎಳೆತ ಒಂದೇ ಹಗ್ಗ, ಒಂದೇ ಕ್ಲೀಟಿನ ಮೇಲಿರುತ್ತದೆ. ಒಂದೊಂದು ಹಗ್ಗವೂ ಒಂಟಿಯಾಗಿ ಇಡೀ ಬೋಟನ್ನು ತಡೆಯುವಂತಿರಬೇಕು. ಹಳೆಯ ಬೋಟು ಅಂದಿರಿ. ಡೆಕ್ಕಿನ ಕೆಳಗೆ ಕೈ ಹಾಕಿ ಕ್ಲೀಟಿನ ಬೋಲ್ಟುಗಳ ಹಿಂದೆ ಪ್ಲೇಟ್ ಇದೆಯಾ ನೋಡಿ. ಬರೀ ವಾಷರ್ ಸಿಕ್ಕಿದರೆ ಹಗ್ಗ ಕೊಳ್ಳುವ ಮೊದಲು ಅದನ್ನು ಸರಿಮಾಡಿಸಿ.

ಹಾಗಾದರೆ ಓಲಾಟ ನಿಲ್ಲಿಸದ ಸೂತ್ರ ಯಾಕೆ ಬೇಕು? ಜಗ್ಗು ನುಂಗುವುದಕ್ಕೆ. ಸರಪಳಿ ಭಾರವಾಗಿ ಜೋತುಬೀಳುವುದರಿಂದ ಅದೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ ಅನ್ನುವವರು ಬಹಳ ಜನ. ಮೆಲುಗಾಳಿಯಲ್ಲಿ ಅದು ನಿಜ. ಗಾಳಿ ಎದ್ದರೆ ಅಲ್ಲ. ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲ್‌ನ ಕೋಷ್ಟಕದಲ್ಲಿ 35 ಅಡಿಯ ಬೋಟಿಗೆ ಲಂಗರಿನ ಎಳೆತ 15 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿಯಲ್ಲಿ 225 ಪೌಂಡ್, 30 ನಾಟ್‌ನಲ್ಲಿ 900 ಪೌಂಡ್, 42 ನಾಟ್‌ನಲ್ಲಿ 1,800 ಪೌಂಡ್. ನೋಡಿ, ಗಾಳಿ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ನಿಮ್ಮಂಥ ಬೋಟಿನಲ್ಲಿ ಸಾಮಾನ್ಯವಾಗಿರುವ 5/16 ಇಂಚಿನ ಸರಪಳಿ ಮೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. 225 ಪೌಂಡ್, ಅಂದರೆ ನೂರು ಕಿಲೋ ಎಳೆತಕ್ಕೇ 25 ಮೀಟರ್ ಸರಪಳಿ ತಳದಿಂದ ಮೇಲೇಳುತ್ತದೆ. 900 ಪೌಂಡಿಗೆ ಕಬ್ಬಿಣದ ಸಲಾಕೆಯಂತೆ ನೆಟ್ಟಗಾಗುತ್ತದೆ. ಆಮೇಲೆ ಪ್ರತಿ ಜಗ್ಗೂ ನೇರವಾಗಿ ವಿಂಡ್ಲಾಸಿನ ಶಾಫ್ಟಿಗೆ ಮತ್ತು ಗೇರ್‌ಬಾಕ್ಸಿಗೆ. ವಿಂಡ್ಲಾಸ್ ಇರುವುದು ಲಂಗರು ಎತ್ತುವುದಕ್ಕೆ, ಬೋಟು ಕಟ್ಟಿಹಾಕುವುದಕ್ಕಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹಗ್ಗ ನೈಲಾನಿನದ್ದೇ ಆಗಬೇಕು. ಮೂರು ಎಳೆ ಹೊಸೆದದ್ದು. ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ, ಡೈನೀಮಾ ಹಿಗ್ಗುವುದೇ ಇಲ್ಲ. ಪಾಲಿಪ್ರೊಪಿಲೀನ್ ತೇಲುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ಬೇಡವೇ ಬೇಡ. ಇನ್ನು ದಪ್ಪ. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯಲ್ಲಿ ನಿಂತಾಗ, “ದಪ್ಪದ್ದೇ ತಗೊಳ್ಳೋಣ, ಗಟ್ಟಿ ಇರಲಿ” ಅನಿಸುತ್ತದೆ. ಆದರೆ ಹಗ್ಗ ದಪ್ಪವಾದಷ್ಟೂ ಹಿಗ್ಗುವುದು ಕಮ್ಮಿ. ಮುಕ್ಕಾಲು ಇಂಚಿನ ಹಗ್ಗ ಹಾಕಿದರೆ ಸರಪಳಿಯ ಬದಲು ಇನ್ನೊಂದು ಸರಪಳಿ ಕಟ್ಟಿದಂತೆಯೇ. ನಿಮಗೆ ಅರ್ಧ ಇಂಚಿನದ್ದು ಸಾಕು. ಒಳ್ಳೆಯ ಹಗ್ಗವಾದರೆ ತುಂಡಾಗುವುದಕ್ಕೆ ಎರಡೂವರೆ ಟನ್ನಿಗೂ ಮೀರಿದ ಎಳೆತ ಬೇಕು. ನೆನೆದ ನೈಲಾನ್ ಹತ್ತು ಹದಿನೈದು ಪರ್ಸೆಂಟ್ ಬಲ ಕಳೆದುಕೊಳ್ಳುತ್ತದೆ, ಅದನ್ನು ಕಳೆದರೂ ಸಾಕು. 30 ನಾಟ್ ಗಾಳಿಯ ಜಗ್ಗಿಗೆ 7 ಮೀಟರಿನ ಹಗ್ಗ ಹತ್ತಿರಹತ್ತಿರ ಒಂದು ಮೀಟರ್ ಹಿಗ್ಗಿ, ಮತ್ತೆ ಕುಗ್ಗುತ್ತದೆ. ನಿಮ್ಮ ಮನೆಯವರ ನಿದ್ದೆ ಇರುವುದು ಆ ಒಂದು ಮೀಟರಿನಲ್ಲಿ.

ಉದ್ದ ಎಷ್ಟು? ಒಂದು ಹಗ್ಗ 7 ಮೀಟರ್, ಇನ್ನೊಂದು 12. ಯಾಕೆ ಒಂದು ಉದ್ದ ಅನ್ನುವುದು ಮುಂದೆ ಬರುತ್ತದೆ. ಸರಪಳಿಯ ಕಡೆಯ ತುದಿಗೆ ಲೋಹದ ತಿಂಬಲ್, ಅಂದರೆ ಹಗ್ಗ ಸವೆಯದಂತೆ ಕುಣಿಕೆಯ ಒಳಗಿಡುವ ಬಳೆ, ಕೂರಿಸಿ ಕುಣಿಕೆ ಹೆಣೆಸಿ. ಬೋಟಿನ ಕಡೆಯ ತುದಿ ಬೋಳಾಗಿರಲಿ. ಎರಡೂ ಕಡೆ ಕುಣಿಕೆ ಇರುವ ರೆಡಿಮೇಡ್ ಬ್ರೈಡಲ್ ಅಂಗಡಿಯಲ್ಲಿ ಸಿಗುತ್ತದೆ, ನನಗೆ ಅದು ಇಷ್ಟವಿಲ್ಲ. ಕುಣಿಕೆಯನ್ನು ಕ್ಲೀಟಿಗೆ ಹಾಕಿದ ಮೇಲೆ ಎಳೆತ ಇರುವಾಗ ಬಿಡಿಸಲೂ ಆಗುವುದಿಲ್ಲ, ಉದ್ದ ಮಾಡಲೂ ಆಗುವುದಿಲ್ಲ. ಬೋಳು ತುದಿಯನ್ನು ಕ್ಲೀಟಿಗೆ ಸುತ್ತಿದ್ದರೆ ಒಂದೊಂದೇ ಸುತ್ತು ಸಡಿಲಿಸಬಹುದು.

ಹಗ್ಗ ಬೋಟಿನ ಅಂಚನ್ನು ಉಜ್ಜುವ ಕಡೆ ಚರ್ಮವನ್ನೋ ದಪ್ಪ ಕ್ಯಾನ್‌ವಾಸನ್ನೋ ಸುತ್ತಿ. ಹಳೆಯ ಫೈರ್ ಹೋಸ್ ತುಂಡು ಇನ್ನೂ ಒಳ್ಳೆಯದು. ಬಿಗಿಯಾದ ಪ್ಲಾಸ್ಟಿಕ್ ಪೈಪ್ ಮಾತ್ರ ತೂರಿಸಬೇಡಿ. ಹಿಗ್ಗಿ ಕುಗ್ಗುವ ನೈಲಾನಿನ ಒಳಗೇ ಕಾವು ಹುಟ್ಟುತ್ತದೆ. ನೀರು ತಾಗದಿದ್ದರೆ ಎಳೆಗಳು ಒಳಗೊಳಗೇ ಕರಗಿ ಅಂಟಿಕೊಳ್ಳುತ್ತವೆ. ಹೊರಗೆ ಏನೂ ಕಾಣುವುದಿಲ್ಲ.

ಹಗ್ಗವನ್ನು ಸರಪಳಿಗೆ ಸೇರಿಸುವ ಜಾಗದಲ್ಲಿ ನಾನೇ ಒಂದು ಸಲ ಪಾಠ ಕಲಿತಿದ್ದೇನೆ. ಎಲ್ಲರ ಹಾಗೆ ಸಾದಾ ಕೊಕ್ಕೆ ಬಳಸುತ್ತಿದ್ದೆ. ಎಳೆತ ಇರುವಾಗ ಅದು ಕಚ್ಚಿಕೊಂಡೇ ಇರುತ್ತದೆ. ಆ ರಾತ್ರಿ ಎರಡು ಗಂಟೆಗೆ ಗಾಳಿ ಪೂರ್ತಿ ಬಿದ್ದುಹೋಯಿತು. ಹಗ್ಗ ಸಡಿಲವಾಗಿ ಕೊಕ್ಕೆ ತಳಕ್ಕೆ ಹೋಗಿ ಕೆಸರಲ್ಲಿ ಮಲಗಿತು, ಅಲ್ಲೇ ಕಳಚಿಕೊಂಡಿತು. ನನಗೆ ಗೊತ್ತೇ ಆಗಲಿಲ್ಲ. ಮೂರೂವರೆಗೆ ಗುಡುಗು, ಹಿಂದೆಯೇ ಗಾಳಿ. ವಿಂಡ್ಲಾಸಿನ ಕ್ಲಚ್ ಜಾರಿ, ಉಳಿದ ಸರಪಳಿಯೆಲ್ಲ ಕಿವಿ ಕಿವುಡಾಗುವ ಸದ್ದಿನಲ್ಲಿ ಹೊರಗೆ ಓಡಿತು. ಕೊನೆಯ ಕೊಂಡಿಯನ್ನು ಡಬ್ಬಿಯೊಳಗೆ ಹಗ್ಗದಿಂದ ಕಟ್ಟಿದ್ದೆ, ಅದೊಂದೇ ಉಳಿಸಿತು. ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ರೋಡ್ ರಿವರ್‌ನಂಥ ಜಾಗದಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಆಳ ಎರಡೂವರೆ ಮೀಟರ್, ತಳವೆಲ್ಲ ಹೂಳು, ಬೇಸಿಗೆಯ ರಾತ್ರಿ ಎಲೆ ಅಲ್ಲಾಡುವುದಿಲ್ಲ. ಅದಕ್ಕೇ ಪಿನ್ ಹಾಕಿ ಮುಚ್ಚುವ ಕೊಕ್ಕೆ ತೆಗೆದುಕೊಳ್ಳಿ. ಇಲ್ಲವೇ ಹಗ್ಗದಲ್ಲೇ ಹೆಣೆದ ಕೊಂಡಿ, ಸಾಫ್ಟ್ ಶ್ಯಾಕಲ್ ಬಳಸಿ, ಅದು ತಾನಾಗಿ ಕಳಚುವುದಿಲ್ಲ. ಕೊಕ್ಕೆಯೇ ಬೇಡ ಅನ್ನುವವರು ರೋಲಿಂಗ್ ಹಿಚ್ ಗಂಟು ಹಾಕುತ್ತಾರೆ. ಮೆತ್ತಗಿನ ಹಗ್ಗದಲ್ಲಿ ಚೆನ್ನಾಗಿ ಕೂರುತ್ತದೆ. ಬಿರುಸಾದ ಹಗ್ಗ, ಲೋಳೆ ಹಿಡಿದ ಸರಪಳಿ ಸೇರಿದರೆ ಜಾರುತ್ತದೆ, ಆಗ ಎರಡು ಸುತ್ತು ಜಾಸ್ತಿ ಹಾಕಬೇಕು.

ಈಗ ಓಲಾಟಕ್ಕೆ ಮದ್ದು. ಸೂತ್ರವನ್ನು ಬೇಕೆಂದೇ ಸೊಟ್ಟ ಕಟ್ಟಬೇಕು. ವಾಲುವ ಪಟ ಆಟದಲ್ಲಿ ಸೋತ ಪಟ. ಆದರೆ ಲಂಗರು ಹಾಕಿದ ಬೋಟಿಗೆ ನಾವು ಬಯಸುವುದು ಆ ವಾಲುವಿಕೆಯನ್ನೇ. ಒಂದೇ ಕಡೆ ವಾಲಿ ನಿಂತ ಬೋಟು ಆ ಕಡೆ ಈ ಕಡೆ ಓಡುವುದಿಲ್ಲ. 7 ಮೀಟರಿನ ಹಗ್ಗವನ್ನು ಬಲಗಡೆ ಮೂತಿಯ ಕ್ಲೀಟಿಗೆ ಕಟ್ಟಿ. 12 ಮೀಟರಿನದ್ದನ್ನು ಎಡಗಡೆ ರೇಲಿಂಗಿನ ಹೊರಗಿನಿಂದ ಹಿಂದಕ್ಕೆ ತಂದು ಬೋಟಿನ ನಡುವಿನ ಕ್ಲೀಟಿಗೆ ಕಟ್ಟಿ. ಆಮೇಲೆ ಮೂತಿಯ ಹಗ್ಗವನ್ನು ಒಂದೊಂದು ಮೊಳ ಸಡಿಲಿಸುತ್ತಾ ಹೋಗಿ. ಬೋಟು ನಿಧಾನವಾಗಿ ತಿರುಗಿ ಗಾಳಿಗೆ ಎಡ ಕೆನ್ನೆ ಕೊಟ್ಟು ನಿಲ್ಲುತ್ತದೆ. ಗಾಳಿ ಹದಿನೈದಿಪ್ಪತ್ತು ಡಿಗ್ರಿ ಓರೆಯಲ್ಲಿ ಬಂದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಈಗ ತ್ರಿಕೋನದ ಒಂದು ಕಾಲು ಮೂತಿಯಲ್ಲಿ, ಇನ್ನೊಂದು ನಾಲ್ಕೈದು ಮೀಟರ್ ಹಿಂದೆ. ಕ್ಯಾಟಮರನ್ನಿಗೆ ಅಗಲದಲ್ಲಿ ಸಿಕ್ಕಿದ್ದನ್ನು ನೀವು ಉದ್ದದಲ್ಲಿ ಪಡೆದಿರಿ. ಜುಲೈ ಸೆಕೆಯಲ್ಲಿ ಪಕ್ಕದ ಕಿಟಕಿಗಳಿಂದ ಗಾಳಿ ಒಳಗೆ ಆಡುತ್ತದೆ, ಅದೊಂದು ಉಪಲಾಭ.

ಉದ್ದ ಅಲೆಗಳು ಬರುವ ತೆರೆದ ಕಡಲಲ್ಲೂ ಇದೇ ಉಪಾಯ. ಗಾಳಿ ಒಂದು ಕಡೆಯಿಂದ, ಅಲೆ ಇನ್ನೊಂದು ಕಡೆಯಿಂದ ಬಂದರೆ ಸೂತ್ರ ಎಳೆದು ಮೂತಿಯನ್ನು ಅಲೆಯ ಕಡೆಗೆ ತಿರುಗಿಸಿಕೊಳ್ಳಬಹುದು. ನಿಮ್ಮ ಕಡೆಯ ಚೆಸಪೀಕ್ ಕೊಲ್ಲಿಯ ಒಳಗಿನ ಹಳ್ಳಗಳಲ್ಲಿ ಅದರ ಗೊಡವೆ ಇಲ್ಲ.

ಸೊಟ್ಟ ಸೂತ್ರಕ್ಕೂ ಮಿತಿ ಇದೆ. ಓರೆಯಾಗಿ ನಿಂತ ಬೋಟಿಗೆ ಗಾಳಿ ಜಾಸ್ತಿ ತಾಗುತ್ತದೆ, ಎಳೆತವೂ ಹೆಚ್ಚುತ್ತದೆ. ಇಪ್ಪತ್ತು ಇಪ್ಪತ್ತೈದು ನಾಟ್‌ವರೆಗೆ ನಾನು ಇದನ್ನು ನಂಬುತ್ತೇನೆ. ಅದಕ್ಕಿಂತ ಹೆಚ್ಚಿನ ಗಾಳಿ ಬರುವುದು ಗೊತ್ತಿದ್ದರೆ ಮೊದಲೇ ನಡುವಿನ ಹಗ್ಗವನ್ನು ಮುಂದಕ್ಕೆ ತಂದು ಎರಡೂ ಕಾಲನ್ನು ಮೂತಿಗೇ ಕಟ್ಟುತ್ತೇನೆ. ಆಗ ಓಲಾಡಿದರೆ ಓಲಾಡಲಿ.

ಇನ್ನೊಂದು ಮಾತು ನಿಮ್ಮ ಪ್ರಶ್ನೆಯಲ್ಲಿ ಇರಲಿಲ್ಲ, ಆದರೆ ಆಳ ಕಡಿಮೆ ಇರುವ ಕಡೆ ಅದೇ ದೊಡ್ಡದು. ಲಂಗರಿನ ಲೆಕ್ಕದಲ್ಲಿ ನೀರಿನ ಆಳದ ಜೊತೆ ಬೋ ರೋಲರಿನ, ಅಂದರೆ ಮೂತಿಯಲ್ಲಿ ಸರಪಳಿ ಹಾದುಹೋಗುವ ಗಾಲಿಯ ಎತ್ತರವನ್ನೂ ಸೇರಿಸಬೇಕು. ರೋಡ್ ರಿವರ್‌ನಲ್ಲಿ ಆಳ ಎರಡೂವರೆ, ನಿಮ್ಮ ರೋಲರ್ ಒಂದೂವರೆ, ಒಟ್ಟು 4 ಮೀಟರ್. ಅದರ ಐದು ಪಟ್ಟು ಬಿಡುವುದು ಅಂದರೆ 20 ಮೀಟರ್ ಸರಪಳಿ. ಅನಾಪೊಲಿಸ್ ಕಡೆ ಉಬ್ಬರ ಇಳಿತ ಸರಾಸರಿ ಒಂದು ಅಡಿ, ಅದನ್ನು ಮರೆತರೂ ನಡೆಯುತ್ತದೆ. ಈಗ ಎಳೆತವನ್ನು ಡೆಕ್ಕಿನ ಕ್ಲೀಟಿನ ಬದಲು ನೀರಿನ ಮಟ್ಟದಿಂದ ಒಂದು ಅಡಿ ಮೇಲಿರುವ ಬೋ ಐಗೆ ಕೊಟ್ಟರೆ ಎತ್ತರ 2.8 ಮೀಟರಿಗೆ ಇಳಿಯುತ್ತದೆ. ಅದೇ 20 ಮೀಟರ್ ಸರಪಳಿ ಏಳು ಪಟ್ಟಿನ ಕೆಲಸ ಮಾಡುತ್ತದೆ. ಒಂದು ಅಡಿ ಸರಪಳಿಯನ್ನೂ ಹೆಚ್ಚು ಬಿಡದೆ! ಬೋ ಐ ಅಂದರೆ ಸಣ್ಣ ಬೋಟುಗಳನ್ನು ಟ್ರೈಲರಿಗೆ ಎಳೆಯುವ ಆ ಸ್ಟೀಲ್ ಬಳೆ. ನಿಮ್ಮ ಬೋಟಿಗೆ ಇಲ್ಲದಿದ್ದರೆ ಯಾರ್ಡಿನಲ್ಲಿ ದಪ್ಪನೆಯದನ್ನು, ಒಳಗಿನಿಂದ ಪ್ಲೇಟ್ ಕೊಟ್ಟು, ಹಾಕಿಸಬಹುದು. ಅದಕ್ಕೆ ಒಂದು ಹಗ್ಗವನ್ನು ಖಾಯಂ ಶ್ಯಾಕಲ್ ಮಾಡಿ, ತುದಿಯನ್ನು ಡೆಕ್ಕಿಗೆ ತಂದು ಕಟ್ಟಿಡಿ. ಬೋಟಿನ ಅಂಚಿಗೆ ತಾಗುವುದೇ ಇಲ್ಲ, ಸವೆತವೂ ಇಲ್ಲ. ನನ್ನ ಬೋಟಿನಲ್ಲಿ ಈಗ ಇರುವುದು ಇದೇ: ಒಂದು ಕಾಲು ಬೋ ಐಗೆ, ಇನ್ನೊಂದು ನಡುವಿನ ಕ್ಲೀಟಿಗೆ.

ಪಟಕ್ಕೆ ಸೂತ್ರ ಒಂದೇ ಅಲ್ಲ, ಬಾಲಂಗೋಚಿಯೂ ಇರುತ್ತದಲ್ಲ. ಬೋಟಿಗೂ ಇದೆ. ಫ್ಲೈಬ್ರಿಜ್ಜಿನ ಹಿಂದೆ ಸಣ್ಣ ಮಾಸ್ಟ್ ಇದ್ದರೆ ಅದಕ್ಕೆ ಪುಟ್ಟದೊಂದು ಹಾಯಿ, ರೈಡಿಂಗ್ ಸೇಲ್ ಅನ್ನುತ್ತಾರೆ, ಕಟ್ಟಿ. ಗಾಳಿ ಹಿಂಭಾಗವನ್ನು ತಳ್ಳುತ್ತದೆ, ಮೂತಿ ತಾನಾಗಿ ಗಾಳಿಗೆ ಎದುರಾಗುತ್ತದೆ. ಓಲಾಟದ ಮೂಲಕ್ಕೇ ಇದು ಕೈ ಹಾಕುವುದರಿಂದ ಸೂತ್ರಕ್ಕಿಂತ ಮೇಲು ಅಂತ ನನ್ನ ಅನಿಸಿಕೆ. ಖರ್ಚು ಮಾತ್ರ ಜಾಸ್ತಿ.

ಹಾಕುವ ಕ್ರಮ ಹೀಗೆ. ಲಂಗರು ತಳ ಮುಟ್ಟಿದ ಮೇಲೆ ಬೋಟು ಹಿಂದೆ ಸರಿಯುತ್ತಿರುವಾಗ ಸರಪಳಿ ಬಿಡಿ. ರಿವರ್ಸ್ ಗೇರಿನಲ್ಲಿ ಮೆಲ್ಲಗೆ ಎಳೆದು ಲಂಗರು ಕಚ್ಚಿದ್ದನ್ನು ನೋಡಿಕೊಳ್ಳಿ. ಆಮೇಲೆ ಸೂತ್ರ ಸೇರಿಸಿ, ಹಗ್ಗಗಳು ಬಿಗಿಯಾಗುವವರೆಗೆ ಸರಪಳಿ ಬಿಟ್ಟು, ಇನ್ನೂ ಒಂದೆರಡು ಮೀಟರ್ ಜೋತುಬಿಡಿ. ಉಳಿದ ಸರಪಳಿ ಓಡದಂತೆ ಡೆಕ್ಕಿನ ಮೇಲೆ ಅದನ್ನು ಹಿಡಿಯುವ ಸ್ಟಾಪರ್ ಹಾಕಿ. ಜೋರಾಗಿ ರಿವರ್ಸ್ ಎಳೆದು ಪರೀಕ್ಷಿಸುವುದು ಇದರ ನಂತರ. ಆ ಎಳೆತವೂ ವಿಂಡ್ಲಾಸಿಗೆ ಹೋಗಬಾರದು. ಎತ್ತುವಾಗ ಎಂಜಿನ್ನನ್ನು ಮುಂದಕ್ಕೆ ಹಾಕಿ ಸರಪಳಿ ಸಡಿಲ ಮಾಡಿಕೊಳ್ಳಿ, ಕೊಕ್ಕೆ ರೋಲರಿನ ಹತ್ತಿರ ಬಂದಾಗ ಬಿಡಿಸಿ. ಬೆರಳು ಸರಪಳಿ ಮತ್ತು ರೋಲರಿನ ನಡುವೆ ಹೋಗದಿರಲಿ. 12 ಮೀಟರಿನ ಹಗ್ಗ ಪ್ರೊಪೆಲ್ಲರನ್ನು ಮುಟ್ಟುವಷ್ಟು ಉದ್ದ. ಗೇರ್ ಹಾಕುವ ಮೊದಲು ಅದು ಡೆಕ್ಕಿನ ಮೇಲಿದೆಯಾ ಅಂತ ಕಣ್ಣಾರೆ ನೋಡಬೇಕು. ಯಾರನ್ನಾದರೂ ಕೇಳಿ “ಹೂಂ” ಅನ್ನಿಸಿಕೊಂಡರೆ ಸಾಲದು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಶ್ಚಿಮದಲ್ಲಿ ಮೋಡ ಕಟ್ಟುವುದು ಕಂಡರೆ ಅದು ಬರುವ ಮೊದಲೇ ಏಳು ಪಟ್ಟು, ಅಂದರೆ 28 ಮೀಟರ್ ಸರಪಳಿ ಬಿಟ್ಟು ಸೂತ್ರವನ್ನು ಹೊಸದಾಗಿ ಸೇರಿಸಿ. ಗಾಳಿ ಬಂದ ಮೇಲೆ ಆ ಕೆಲಸ ಆಗುವುದಿಲ್ಲ. ಸುತ್ತಲಿನ ಬೋಟುಗಳಿಗೆ ಜಾಗ ಇದೆಯಾ ನೋಡಿಕೊಳ್ಳಿ. ಹಾಯಿದೋಣಿಗಳು ನಿಮ್ಮ ಹಾಗೆ ತಿರುಗುವುದಿಲ್ಲ.

ಹದಿನೆಂಟಿಪ್ಪತ್ತು ಅಡಿಯ ಸಣ್ಣ ಬೋಟು ಇಟ್ಟುಕೊಂಡವರಿಗೆ ಎರಡೇ ಮಾತು. ನಿಮ್ಮ ಲಂಗರಿಗೆ ಸರಪಳಿ ಸ್ವಲ್ಪ, ಉಳಿದದ್ದೆಲ್ಲ ನೈಲಾನ್ ಹಗ್ಗವಾದರೆ ಜಗ್ಗು ನುಂಗುವ ಕೆಲಸ ಆಗಲೇ ಆಗುತ್ತಿದೆ, ಸೂತ್ರ ಬೇಕಿಲ್ಲ. ಓಲಾಟ ತಾಳಲಾರದೆ ಲಂಗರಿನ ಹಗ್ಗವನ್ನು ಹಿಂಭಾಗಕ್ಕೆ ಕಟ್ಟುವುದು ಮಾತ್ರ ಬೇಡ. ಹಿಂದೆ ಎಂಜಿನ್ನಿನ ಭಾರ, ತಗ್ಗಾದ ಚಪ್ಪಟೆ ಗೋಡೆ. ದೊಡ್ಡ ಬೋಟು ಹಾದುಹೋದಾಗ ಏಳುವ ಒಂದೆರಡು ಅಲೆ ಒಳಗೆ ಬಿದ್ದರೆ ಸಾಕು, ಮುಳುಗುತ್ತದೆ.

ರೋಲಿಂಗ್ ಹಿಚ್ ಕಲಿಯುವುದಕ್ಕೆ ಬೋಟಿನವರೆಗೆ ಹೋಗಬೇಕಿಲ್ಲ. ಮನೆಯಲ್ಲಿ ಸೈಕಲ್ಲಿಗೆ ಬೀಗ ಹಾಕುವ ಸರಪಳಿ ಇದ್ದರೆ ಒಂದು ತುಂಡು ಹಗ್ಗ ಹಿಡಿದು ಸೋಫಾದಲ್ಲೇ ಕೂತು ಕಲಿಯಿರಿ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಬರಬೇಕು.